ಏರಿನಲ್ಲಿ ಆರಿದ ದೀಪ

"ಮೇಸ್ತ್ರಿ ಇಲ್ವಾ?"

ಲಾರಿಯ ಕೆಳಗೆ ಅಂಗಾತ ಮಲಗಿದ್ದ ಅವಳಿಗೆ ಮೊದಲು ಕಂಡದ್ದು ಮಣ್ಣು ಮೆತ್ತಿದ ಒಂದು ಜೊತೆ ಬೂಟು ಮಾತ್ರ.

"ಇದ್ದಾರೆ. ಏನಾಗ್ಬೇಕಿತ್ತು?"

"ನಿಮ್ಮ ಹತ್ರ ಹೇಳೋದಲ್ಲ ಅದು. ಮೇಸ್ತ್ರೀನ ಕರೀರಿ. ಆರೋಗ್ಯ ಕೇಂದ್ರದ ಗಾಡಿ, ಅರ್ಜೆಂಟಿದೆ."

ಅವಳು ಹಲಗೆಯ ಮೇಲೆ ಜಾರಿಕೊಂಡು ಹೊರಗೆ ಬಂದಳು. ಕೆನ್ನೆಗೆ ಗ್ರೀಸು, ತಲೆಗೆ ಸುತ್ತಿದ ಹಳೇ ಟವೆಲ್ಲು, ಹಲ್ಲಲ್ಲಿ ಕಚ್ಚಿ ಹಿಡಿದಿದ್ದ ಟೇಪಿನ ತುಂಡು. ಟೇಪು ತೆಗೆದು ಹೇಳಿದಳು.

"ಕರೆದಾಯ್ತು, ಬಂದಾಯ್ತು. ಈಗ ಹೇಳಿ."

ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅವಳ ಅಪ್ಪ ಕಿಸಕ್ಕನೆ ನಕ್ಕರು. ಮೂವತ್ತು ವರ್ಷ ಗಾಡಿಗಳ ವೈರಿಂಗ್ ಮಾಡಿದ ಕೈ ಅವರದು. ಕಣ್ಣಿಗೆ ಮಂಜು ಕವಿದ ಮೇಲೆ ಅಂಗಡಿಯನ್ನು ಮಗಳ ಕೈಗೆ ಕೊಟ್ಟು, ತಾವು ಕಿವಿಯಲ್ಲೇ ಎಲ್ಲವನ್ನೂ ನೋಡುತ್ತಿದ್ದರು.

"ತಪ್ಪಾಯ್ತು," ಎಂದ ಅವನು, ನೆಲ ನೋಡುತ್ತಾ. "ಗುಡ್ಡದ ಮೇಲಿನ ಕೇಂದ್ರದ ಡ್ರೈವರ್ ನಾನು. ಫೋರ್ ವೀಲ್ ಹಾಕಿದ್ರೆ ದೀಪ ಮಿಟುಕ್ತಾನೇ ಇರುತ್ತೆ. ಮುಂದಿನ ಚಕ್ರ ಎಳೆಯೋದೇ ಇಲ್ಲ."

ಹಳೇ ಗಾಡಿಗಳಲ್ಲಿ ಇದಕ್ಕೊಂದು ಕಬ್ಬಿಣದ ಗೇರಿರುತ್ತಿತ್ತು, ಕೈಯಿಂದ ಎಳೆದರೆ ಆಯಿತು. ಈ ಗಾಡಿಯಲ್ಲಿ ಒಂದು ಗುಂಡು ಸ್ವಿಚ್ಚು. ತಿರುಗಿಸಿದರೆ ಗಾಡಿಯ ಹೊಟ್ಟೆಯಲ್ಲಿರುವ ಸಣ್ಣ ಮೋಟಾರಿಗೆ ಕರೆಂಟು ಹೋಗಬೇಕು, ಮೋಟಾರು ಮುಂದಿನ ಚಕ್ರಗಳನ್ನೂ ಕೆಲಸಕ್ಕೆ ಹಚ್ಚಬೇಕು. ಹಚ್ಚಿತು ಅಂದರೆ ಡ್ರೈವರನ ಎದುರು ಹಸಿರು ದೀಪ ನಿಂತು ಉರಿಯುತ್ತದೆ. ನಡುವೆ ಎಲ್ಲೋ ಸಿಕ್ಕಿಕೊಂಡರೆ ಮಿಟುಕುತ್ತದೆ.

ಅವಳು ಫ್ಯೂಸ್ ನೋಡಿದಳು, ಸರಿಯಿತ್ತು. ಕರೆಂಟು ದಾಟಿಸುವ ರಿಲೇ ಟಕ್ ಅಂದಿತು. ಸ್ವಿಚ್ ಬಿಚ್ಚಿದರೆ ಒಳಗಿನ ಹಿತ್ತಾಳೆ ಕರ್ರಗೆ ಸುಟ್ಟಿತ್ತು.

"ಕಳ್ಳ ಸಿಕ್ಕಿದ," ಎಂದಳು ಗತ್ತಿನಿಂದ. ಹೊಸ ಸ್ವಿಚ್ ಕೂರಿಸಿ ಮೋಟಾರಿನ ವೈರಿಗೆ ಮೀಟರ್ ಹಿಡಿದಳು, ಹನ್ನೆರಡು ವೋಲ್ಟ್ ಇತ್ತು. ಹತ್ತು ಸಲ ತಿರುಗಿಸಿದಳು, ಹತ್ತು ಸಲವೂ ದೀಪ ಗಟ್ಟಿಯಾಗಿ ನಿಂತಿತು.

"ಮತ್ತೆ ಮಿಟುಕಿದ್ರೆ ಆ ದಿನಾನೇ ತಗೊಂಡ್ ಬನ್ನಿ. ಗುಡ್ಡದ ಗಾಡಿ ಇದು, ಹುಡುಗಾಟ ಅಲ್ಲ."

"ಆಗ್ಲಿ ಮೇಸ್ತ್ರೀ," ಎಂದ ಅವನು.

ಅವತ್ತಿನಿಂದ ಅವಳಿಗೆ ಅವನ ಬಾಯಲ್ಲಿ ಅದೇ ಹೆಸರು.

ಅವನು ಮತ್ತೆ ಬಂದ. ಒಂಬತ್ತೇ ದಿನಕ್ಕೆ.

"ಹಾರ್ನ್ ಹೊಡೀತಿಲ್ಲ ಮೇಸ್ತ್ರೀ."

ಬಾನೆಟ್ ಎತ್ತಿದರೆ ಹಾರ್ನಿನ ವೈರು ಕಿತ್ತು ನೇತಾಡುತ್ತಿತ್ತು. ತಾನಾಗಿ ಬಿಚ್ಚಿಕೊಂಡದ್ದಲ್ಲ ಅದು, ಯಾರೋ ಬೆರಳಲ್ಲಿ ಎಳೆದದ್ದು. ಅವಳು ಅದನ್ನು ಮತ್ತೆ ಸಿಕ್ಕಿಸಿದಳು. ತಿರುಗಿ ನಿಂತಾಗ ತುಟಿಯಂಚಿನ ನಗು ಅವನಿಗೆ ಕಾಣದಿರಲಿ ಅಂತ ಸ್ಪ್ಯಾನರ್ ಹುಡುಕುವ ನಾಟಕ ಮಾಡಿದಳು.

ಆಮೇಲೆ ವೈಪರ್ ನಿಂತಿತು, ಒಳಗಿನ ದೀಪ ಹೋಯಿತು, ಇಂಡಿಕೇಟರ್ ಕೆಟ್ಟಿತು. ನಾಲ್ಕು ತಿಂಗಳಲ್ಲಿ ಆ ಗಾಡಿಗೆ ಬರದ ಕಾಯಿಲೆಯಿಲ್ಲ.

"ಈ ಗಾಡಿಗಿಂತ ಡ್ರೈವರನ್ನೇ ಒಂದ್ಸಲ ಚೆಕ್ ಮಾಡಬೇಕು ಮಗಳೇ," ಅನ್ನುತ್ತಿದ್ದರು ಅಪ್ಪ.

ಅವನು ಬಾಗಿಲ ಬಳಿ ಕೂತು ಗುಡ್ಡದ ಕಥೆ ಹೇಳುತ್ತಿದ್ದ. ಬೆಟ್ಟಗಳ ನಡುವಿನ ತಗ್ಗಿನಲ್ಲಿರುವ ಅಕ್ಕನ ಮನೆ, ದೂರದ ಗಣಿಯಲ್ಲಿ ದುಡಿಯುವ ಭಾವ, ಮದುವೆಯಾಗಿ ಏಳು ವರ್ಷಕ್ಕೆ ಅಕ್ಕನ ಹೊಟ್ಟೆಯಲ್ಲಿ ಬೆಳೆಯುತ್ತಿರುವ ಮಗು. "ಮಾವ ಆಗ್ತೀನಿ ನಾನು," ಅನ್ನುವಾಗ ಅವನ ಕಣ್ಣು ಹೊಳೆಯುತ್ತಿತ್ತು. ಅವಳು ಕೆಲಸ ನಿಲ್ಲಿಸದೆ ಕೇಳುತ್ತಿದ್ದಳು. ಅವನು ಬಾರದ ವಾರ ಅಂಗಡಿ ಭಣಭಣ ಅನ್ನಿಸುತ್ತಿತ್ತು.

ಇಬ್ಬರೂ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಕಂಡಿರಲಿಲ್ಲ.

ಒಂದು ಗುರುವಾರ ಅವನು ಗಾಡಿಯಿಂದ ಇಳಿಯದೆಯೇ ಕಿಟಕಿಯಿಂದ ಹೇಳಿದ. "ಮೇಸ್ತ್ರೀ, ನಿನ್ನೆ ಏರಲ್ಲಿ ಫೋರ್ ವೀಲ್ ದೀಪ ಮತ್ತೆ ಮಿಟುಕ್ದಂಗಾಯ್ತು..."

ಅವಳು ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಹಾರ್ನು ಮುಗೀತು, ವೈಪರು ಮುಗೀತು, ಈಗ ಇದಾ? ಬರೋಕೆ ನೆಪ ಬೇಕಾ ನಿಮಗೆ? ಸುಮ್ನೆ ಬನ್ನಿ, ಯಾರು ಬೇಡ ಅಂದ್ರು?"

ಅವನ ಮುಖ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದ. ಆಮೇಲೆ ಅವನೂ ನಕ್ಕುಬಿಟ್ಟ. "ಸರಿ ಹಾಗಾದ್ರೆ. ಭಾನುವಾರ ಸುಮ್ನೆ ಬರ್ತೀನಿ."

ಆ ಭಾನುವಾರ ಬರಲೇ ಇಲ್ಲ.

ಶನಿವಾರ ಮಧ್ಯಾಹ್ನ ಅವನ ಅಕ್ಕನಿಗೆ ನೋವು ಶುರುವಾಯಿತು. ದಿನ ತುಂಬಲು ಇನ್ನೂ ಮೂರು ವಾರವಿತ್ತು. ಅವನೇ ಗಾಡಿ ತೆಗೆದುಕೊಂಡು ತಗ್ಗಿಗೆ ಇಳಿದ, ಅಕ್ಕನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟ. ಏರಿನಲ್ಲಿ ರಸ್ತೆ ರಿಪೇರಿಗೆಂದು ಹೊಸ ಮಣ್ಣು ಸುರಿದಿದ್ದರು. ಅರ್ಧ ಏರಿದ ಮೇಲೆ ಹಿಂದಿನ ಚಕ್ರಗಳು ನಿಂತಲ್ಲೇ ತಿರುಗತೊಡಗಿದವು. ಅವನು ಸ್ವಿಚ್ ತಿರುಗಿಸಿದ.

ದೀಪ ಮಿಟುಕಿತು. ಮಿಟುಕಿತು. ಆರಿಹೋಯಿತು.

ಟ್ರ್ಯಾಕ್ಟರ್ ಬಂದು ಎಳೆಯುವ ಹೊತ್ತಿಗೆ ನಲವತ್ತು ನಿಮಿಷ ಕಳೆದಿತ್ತು. ಆಸ್ಪತ್ರೆಯಲ್ಲಿ ಅಕ್ಕ ಉಳಿದಳು. ಮಗು ಉಳಿಯಲಿಲ್ಲ. ಹೆಣ್ಣುಮಗು.

"ಅರ್ಧ ಗಂಟೆ ಮುಂಚೆ ಬಂದಿದ್ರೆ..." ಎಂದರಂತೆ ಡಾಕ್ಟರು.

ಈ ಸುದ್ದಿ ಅವಳಿಗೆ ಸಿಕ್ಕಿದ್ದು ಸೋಮವಾರ, ಬ್ಯಾಟರಿಗೆ ನೀರು ಹಾಕಿಸಲು ಬಂದ ಲಾರಿ ಡ್ರೈವರನಿಂದ. "ಫೋರ್ ವೀಲೇ ಬೀಳ್ಲಿಲ್ವಂತೆ ಕಣಮ್ಮ," ಎಂದ ಅವನು, ಆ ಗಾಡಿ ಯಾರು ರಿಪೇರಿ ಮಾಡಿದ್ದು ಅಂತ ತಿಳಿಯದೆ.

ಅವಳ ಕೈಯಿಂದ ನೀರಿನ ಡಬ್ಬಿ ಜಾರಿತು.

ನೆಪ ಬೇಕಾ ನಿಮಗೆ... ಅವಳದೇ ದನಿ, ಅವಳದೇ ನಗು, ಕಿವಿಯೊಳಗೆ.

ಗ್ರೀಸು ಮೆತ್ತಿದ ಬಟ್ಟೆಯಲ್ಲೇ ಆಸ್ಪತ್ರೆಗೆ ಓಡಿದಳು. ಉದ್ದನೆಯ ಪಡಸಾಲೆಯ ಕೊನೆಯಲ್ಲಿ, ಬೆಂಚಿನ ಮೇಲೆ, ಅವನು ಕೂತಿದ್ದ. ತಲೆಯೆತ್ತಿ ಅವಳನ್ನು ನೋಡಿದ. ಒಂದೇ ಕ್ಷಣ. ಆಮೇಲೆ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡ.

ಅವಳು ಅಲ್ಲೇ ನಿಂತಳು. ಹತ್ತು ಹೆಜ್ಜೆ ಮುಂದಿಡಲು ಆಗಲಿಲ್ಲ. ಅವನು ಬೈದಿದ್ದರೆ ಕಾಲು ಹಿಡಿಯುತ್ತಿದ್ದಳು. ಕೆನ್ನೆಗೆ ಬಾರಿಸಿದ್ದರೂ ತಡೆದುಕೊಳ್ಳುತ್ತಿದ್ದಳು. ಆ ತಿರುಗಿಸಿದ ಮುಖವನ್ನು ಮಾತ್ರ ತಡೆಯಲು ಆಗಲಿಲ್ಲ.

ನನ್ನ ಮುಖ ನೋಡೋಕೂ ಅವರಿಗೆ ಇಷ್ಟವಿಲ್ಲ. ಸರಿಯಾಗೇ ಇದೆ. ನನಗೆ ಸಲ್ಲಬೇಕಾದ್ದೇ ಅದು...

ಬಂದ ದಾರಿಯಲ್ಲೇ ವಾಪಸಾದಳು.

ಮೊದಲ ವಾರ ಅವಳ ಕೈಯಲ್ಲಿ ಟೆಸ್ಟರ್ ನಿಲ್ಲಲಿಲ್ಲ. ಎರಡನೇ ವಾರ ಒಂದು ಕಾರಿನ ಹೆಡ್‌ಲೈಟ್ ಹಾಕಿ ಕಳಿಸಿದವಳು, ಅದು ದಾರಿಯಲ್ಲಿ ಆರಿಹೋದರೆ ಅನ್ನುವ ಭಯಕ್ಕೆ ಸೈಕಲ್ ಏರಿ ಕಾರಿನ ಹಿಂದೆಯೇ ಹೋದಳು. ಮೂರನೇ ವಾರದಿಂದ ವೈರಿಂಗ್ ಕೆಲಸವನ್ನೇ ಬಿಟ್ಟಳು. ಬಂದವರನ್ನು ಬೇರೆ ಅಂಗಡಿಗೆ ಕಳಿಸುತ್ತಿದ್ದಳು. ಅರ್ಧ ಎಳೆದ ಷಟರಿನ ಒಳಗೆ ಬ್ಯಾಟರಿ ಚಾರ್ಜಿಗೆ ಹಚ್ಚಿ, ಅದರ ಮುಂದೆ ಸುಮ್ಮನೆ ಕೂರುತ್ತಿದ್ದಳು.

"ಊಟ ಮಾಡಿದ್ಯಾ ಮಗಳೇ?"

"ಹ್ಞೂಂ ಅಪ್ಪ."

"ಸುಳ್ಳು ಹೇಳ್ತಿದೀಯ. ತಟ್ಟೆ ಸದ್ದೇ ಆಗ್ಲಿಲ್ಲ."

ಅಪ್ಪನ ಕೈ ತಡಕಾಡಿ ಅವಳ ತಲೆ ಮುಟ್ಟುತ್ತಿತ್ತು. ಆ ಕೈಯ ಕೆಳಗೂ ಅವಳಿಗೆ ಅಳು ಬರುತ್ತಿರಲಿಲ್ಲ. ಅಳುವುದಕ್ಕೂ ಒಂದು ಹಕ್ಕು ಬೇಕು, ಅದು ತನಗಿಲ್ಲ ಅನ್ನಿಸುತ್ತಿತ್ತು. ಅವಳು ನೋಡಿಯೇ ಇರದ ಆ ಮಗುವಿಗೆ ಕನಸಿನಲ್ಲಿ ಒಮ್ಮೆ ಅವನ ಹುಬ್ಬು, ಒಮ್ಮೆ ಅವನ ಕಣ್ಣು.

ಅವನು ಗಾಡಿ ಓಡಿಸುವುದನ್ನೇ ಬಿಟ್ಟಿದ್ದಾನೆ, ಕೇಂದ್ರದಲ್ಲಿ ಔಷಧಿ ಡಬ್ಬಿ ಎತ್ತಿಡುತ್ತಾನೆ, ಯಾರ ಜೊತೆಗೂ ಮಾತಿಲ್ಲ ಅಂತ ಅವರಿವರ ಬಾಯಿಂದ ಕೇಳಿದಳು. ಅದನ್ನೂ ತನ್ನ ಪಾಪದ ಗಂಟಿಗೇ ಸೇರಿಸಿಕೊಂಡಳು.

ಐದು ತಿಂಗಳು ಹೀಗೇ ಹೋಯಿತು.

ಒಂದು ದಿನ ಬೆಳಿಗ್ಗೆ ಯಾರೋ ಷಟರ್ ತಟ್ಟಿದರು. ಬಗ್ಗಿ ಒಳಗೆ ಬಂದದ್ದು ಒಬ್ಬ ಬಡಕಲು ಹೆಂಗಸು. ಹೆಸರು ಕೇಳುವ ಅಗತ್ಯವೇ ಬೀಳಲಿಲ್ಲ. ಅವನದೇ ಹುಬ್ಬು, ಅವನದೇ ಕಣ್ಣು.

ಅವಳು ಎದ್ದು ನಿಂತಳು. "ಅಕ್ಕ... ನನ್ನಿಂದಾನೇ..."

"ಯಾರಿಂದ ಅಂತ ಕೇಳೋಕೆ ನಾನು ಬಂದಿಲ್ಲ," ಎಂದಳು ಅಕ್ಕ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಮೆದುತನವೂ ಇರಲಿಲ್ಲ. "ಗಾಡಿ ಯಾಕೆ ನಿಂತೋಯ್ತು? ಅದು ನಂಗೆ ಗೊತ್ತಾಗ್ಬೇಕು. ಎಲ್ರೂ ವಿಧಿ ಅಂತಾರೆ. ನನ್ನ ಗಂಡ ವಿಧಿ ಅಂತಾರೆ, ನರ್ಸಮ್ಮ ವಿಧಿ ಅಂತಾರೆ. ವಿಧಿಗೆ ವೈರಿರುತ್ತಾ? ಆ ಗಾಡಿ ಅವತ್ತಿಂದ ಕೇಂದ್ರದ ಹಿಂದೆ ಹಾಗೇ ನಿಂತಿದೆ. ಕಾರಣ ಏನು ಅಂತ ನೋಡಿ ಹೇಳು. ಅದೊಂದು ಗೊತ್ತಾಗೋವರೆಗೂ ನಂಗೆ ಕಣ್ಣು ಮುಚ್ಚೋಕೆ ಆಗ್ತಿಲ್ಲ."

"ಬೇರೆ ಯಾರಾದ್ರೂ..."

"ಬೇರೆಯವರಿಗೆ ಅದು ಬರೀ ಗಾಡಿ ಕಣಮ್ಮ."

ಕತ್ತಲ ಮೂಲೆಯಿಂದ ಅಪ್ಪ ಹೇಳಿದರು. "ಹೋಗು ಮಗಳೇ. ಮೀಟರ್ ಒಂದನ್ನೇ ನಂಬ್ಬೇಡ. ಹೆಡ್‌ಲೈಟ್ ಬಲ್ಬ್ ತಗೊಂಡ್ ಹೋಗು, ವೈರಿನ ಮೇಲೆ ಭಾರ ಹೊರಿಸಿ, ಬಲ್ಬ್ ಉರಿಸೋಷ್ಟು ಕರೆಂಟ್ ಬರುತ್ತಾ ನೋಡು."

ಕೇಂದ್ರದ ಹಿಂದಿನ ಅಂಗಳದಲ್ಲಿ ಗಾಡಿ ಧೂಳು ಹೊದ್ದು ನಿಂತಿತ್ತು. ಟೈರಿನ ಸುತ್ತ ಹುಲ್ಲು ಬೆಳೆದಿತ್ತು. ಅವಳು ಹೊಸ ಬ್ಯಾಟರಿ ಕೂರಿಸುವಷ್ಟರಲ್ಲಿ ಅಕ್ಕ ಒಳಗೆ ಹೋಗಿ ತಮ್ಮನ ರಟ್ಟೆ ಹಿಡಿದು ಕರೆತಂದಳು.

"ಸ್ವಿಚ್ ತಿರುಗಿಸೋಕೆ ಒಬ್ರು ಬೇಕಂತೆ. ಕೂತ್ಕೋ."

ಅವನು ಸೊರಗಿದ್ದ. ಗಡ್ಡ ಬೆಳೆದಿತ್ತು. ಅವಳ ಕಡೆ ನೋಡದೆ ಸೀಟಿನಲ್ಲಿ ಕೂತ. ಅವಳೂ ನೋಡದೆ ಗಾಡಿಯ ಕೆಳಗೆ ಸೇರಿಕೊಂಡಳು. ಅಕ್ಕ ಸ್ವಲ್ಪ ದೂರದ ಮೆಟ್ಟಿಲ ಮೇಲೆ ಕಾದು ಕೂತಳು.

"ಹಾಕಿ."

"ಹಾಕ್ದೆ."

"ತೆಗೀರಿ."

"ತೆಗ್ದೆ."

ಐದು ತಿಂಗಳ ಮೇಲೆ ಅವರಿಬ್ಬರ ನಡುವೆ ನಡೆದ ಮಾತು ಇಷ್ಟೇ.

ಫ್ಯೂಸ್ ಸರಿಯಿತ್ತು. ಅವಳು ಹಾಕಿದ ಸ್ವಿಚ್ಚೂ ಸರಿಯಿತ್ತು. ಮೋಟಾರಿಗೆ ಬ್ಯಾಟರಿಯಿಂದ ನೇರವಾಗಿ ಕರೆಂಟು ಕೊಟ್ಟರೆ ಗರ್ ಅಂತ ತಿರುಗಿತು. ಮೋಟಾರಿಗೆ ಬರುವ ವೈರಿಗೆ ಮೀಟರ್ ಹಿಡಿದರೆ ಹನ್ನೆರಡು ವೋಲ್ಟ್, ಎಲ್ಲವೂ ನೆಟ್ಟಗಿದೆ ಅನ್ನುವ ಹಾಗೆ. ಅವತ್ತೂ ಅವಳು ಇಷ್ಟನ್ನೇ ನೋಡಿ ಎದ್ದಿದ್ದಳು.

ಈಗ ಅದೇ ವೈರಿಗೆ ಹೆಡ್‌ಲೈಟ್ ಬಲ್ಬ್ ಸಿಕ್ಕಿಸಿದಳು.

"ಹಾಕಿ."

ಬಲ್ಬು ಕೆಂಡದ ಹಾಗೆ ಮಂಕಾಗಿ ಕೆಂಪಾಯಿತೇ ಹೊರತು ಬೆಳಗಲಿಲ್ಲ. ವೈರಿನ ಜಾಡು ಹಿಡಿದು ಬೆರಳು ಓಡಿಸುತ್ತಾ ಹೋದಳು. ಕಬ್ಬಿಣದ ಅಡ್ಡಪಟ್ಟಿಯ ಮೇಲ್ಭಾಗ, ಕಣ್ಣಿಗೆ ಕಾಣದ ಜಾಗ. ಅಲ್ಲಿ ವೈರಿನ ಕಟ್ಟನ್ನು ಹಿಡಿದಿರಬೇಕಾದ ಕ್ಲಿಪ್ಪು ಮುರಿದಿತ್ತು. ಕಟ್ಟನ್ನು ಮೆಲ್ಲಗೆ ಅಲ್ಲಾಡಿಸಿದಳು.

ಬಲ್ಬು ಆರಿತು.

ಟೇಪು ಸುಲಿದು ನೋಡಿದಳು. ಪಟ್ಟಿಯ ಅಂಚಿಗೆ ಉಜ್ಜಿ ಉಜ್ಜಿ ಒಳಗಿನ ತಾಮ್ರವೆಲ್ಲ ತುಂಡಾಗಿತ್ತು. ಉಳಿದಿದ್ದು ಒಂದೇ ಎಳೆ, ಕೂದಲಿನಷ್ಟು ತೆಳು. ಸಮನಾದ ನೆಲದಲ್ಲಿ ಆ ಎಳೆ ಹೇಗೋ ಅಂಟಿಕೊಂಡಿರುತ್ತಿತ್ತು. ಏರಿನಲ್ಲಿ ಗಾಡಿ ಓರೆಯಾದ ಕೂಡಲೇ ಬಿಟ್ಟುಕೊಳ್ಳುತ್ತಿತ್ತು.

ಅಂಗಾತ ಮಲಗಿದ್ದ ಅವಳ ಕಣ್ಣಿಂದ ನೀರು ಕಿವಿಗೆ ಇಳಿಯಿತು. ಐದು ತಿಂಗಳಲ್ಲಿ ಮೊದಲ ಸಲ.

"ಏನಾಯ್ತು?" ಅವನು ಇಳಿದು, ನೆಲಕ್ಕೆ ಬಗ್ಗಿ ಕೇಳಿದ. "ಮೇಸ್ತ್ರೀ... ಏನಾಯ್ತು?"

"ಹಂಗ್ ಕರೀಬೇಡಿ ನನ್ನ." ಅವಳು ವೈರು ತೋರಿಸಿದಳು. "ಇದು ಮೊದಲ ದಿನಾನೇ ಇತ್ತು. ಸ್ವಿಚ್ಚಲ್ಲೊಂದು ತಪ್ಪು ಸಿಕ್ಕಿದ ಕೂಡ್ಲೇ ಅದೇ ಅಂದ್ಕೊಂಡೆ. ನಾನು ಮೇಸ್ತ್ರಿ ಅಲ್ಲ ಅಂತ ನೀವು ಅಂದ್ಕೊಂಡಿದ್ರಲ್ಲ, ನಿಮ್ಮ ಮುಂದೆ ಗತ್ತು ತೋರಿಸೋ ಆತುರ ನಂಗೆ. ಎರಡು ನಿಮಿಷ ಬಲ್ಬ್ ಹಾಕಿ ಅಲ್ಲಾಡಿಸಿ ನೋಡಿದ್ರೆ ಸಿಕ್ತಿತ್ತು. ಆಮೇಲೆ ನೀವು ಬಂದು ಹೇಳಿದ್ರಿ. ನಾನು... ನಕ್ಕೆ. ಅದಕ್ಕೇ ಅಲ್ವಾ ಅವತ್ತು ಆಸ್ಪತ್ರೇಲಿ ಮುಖ ತಿರುಗಿಸಿದ್ದು?"

ಅವನು ಅವಳನ್ನೇ ನೋಡಿದ. ಅವಳು ಯಾವುದೋ ತಿಳಿಯದ ಭಾಷೆಯಲ್ಲಿ ಮಾತಾಡುತ್ತಿದ್ದಾಳೇನೋ ಅನ್ನುವ ಹಾಗೆ.

"ನಿಮ್ಮನ್ನ ನೋಡೋ ಮುಖ ನಂಗಿರ್ಲಿಲ್ಲ," ಎಂದ. "ಹಾರ್ನ್ ವೈರ್ ಕಿತ್ತಿದ್ದು ನಾನು. ವೈಪರ್ ಫ್ಯೂಸ್ ತೆಗೆದು ಜೇಬಲ್ಲಿ ಇಟ್ಕೊಂಡು ಬಂದಿದ್ದು ನಾನು. ಅಷ್ಟು ಸುಳ್ಳು ಹೇಳಿದ ಬಾಯಿ ನಿಜ ಹೇಳಿದಾಗ ನೀವು ಹ್ಯಾಗೆ ನಂಬ್ತೀರಿ? ಆದ್ರೂ ಇಳಿದು ನಿಂತು, ಇದು ನಿಜ, ನೋಡ್ಲೇಬೇಕು ಅನ್ಬೇಕಿತ್ತು. ನೀವು ನಕ್ಕಿದ್ದು ಚೆನ್ನಾಗಿತ್ತು. ಆ ನಗು ನೋಡ್ತಾ ಸುಮ್ನಾಗ್ಬಿಟ್ಟೆ. ನಮ್ಮಕ್ಕನ ಮಗು..."

ಅವನು ಅಂಗೈಯಿಂದ ಮುಖ ಉಜ್ಜಿಕೊಂಡು ಮುಂದುವರಿಸಿದ.

"ನೀವು ಅಂಗಡಿ ಷಟರ್ ಎಳೆದ್ರಿ ಅಂತ ಕೇಳಿದೆ. ನನ್ನ ಸುಳ್ಳಿಂದ ನಿಮ್ಮ ಹೆಸರೂ ಹಾಳಾಯ್ತು, ನನ್ನ ನೆರಳೂ ನಿಮಗೆ ಬೇಡವಾಗಿದೆ ಅಂದ್ಕೊಂಡೆ."

"ಐದು ತಿಂಗಳು," ಎಂದಳು ಅವಳು. "ಐದು ತಿಂಗಳು ನಾನು ಒಬ್ಳೇ... ನೀನು ಯಾಕೆ ಬರ್ಲಿಲ್ಲ? ಒಂದು ಮಾತು ಯಾಕೆ ಆಡ್ಲಿಲ್ಲ?"

'ನೀವು' ಯಾವಾಗ 'ನೀನು' ಆಯಿತೋ ಅವಳಿಗೆ ಗೊತ್ತಾಗಲಿಲ್ಲ. ಅವನಿಗೂ ಇಲ್ಲ. ಒಬ್ಬರು ಗಾಡಿಯ ಕೆಳಗೆ, ಒಬ್ಬರು ಪಕ್ಕದ ಮಣ್ಣಿನಲ್ಲಿ, ಇಬ್ಬರೂ ಬಿಕ್ಕಿ ಬಿಕ್ಕಿ ಅತ್ತರು.

ಅಕ್ಕ ಎದ್ದು ಬಂದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೈ ಚಾಚಿದಳು. "ಕೊಡು, ನೋಡ್ತೀನಿ."

ಅವಳು ಕತ್ತರಿಸಿ ಕೊಟ್ಟ ವೈರಿನ ತುಂಡನ್ನು ಅಕ್ಕ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಇಷ್ಟಕ್ಕಾ..." ಎಂದು ಅಲ್ಲೇ ಕುಸಿದು ಕೂತಳು.

ಬಿಸಿಲು ಅಂಗಳದ ಅರ್ಧ ದಾಟಿದ ಮೇಲೆ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿಮ್ಮಿಬ್ಬರನ್ನ ಕ್ಷಮಿಸ್ತೀನಿ ಅಂತ ಹೇಳೋಕೆ ನಂಗೆ ಬರಲ್ಲ. ಒಂದೊಂದ್ ದಿನ ಆಗುತ್ತೆ, ಒಂದೊಂದ್ ದಿನ ಆಗಲ್ಲ. ಆದ್ರೆ ನನ್ನ ಕಣ್ಮುಂದೆ ನೀವಿಬ್ರೂ ಹೀಗೆ ಒಣಗೋದನ್ನ ನಾನು ನೋಡ್ಲಾರೆ. ಒಂದನ್ನ ಕಳ್ಕೊಂಡಿದ್ದು ಸಾಕು." ಉಸಿರು ತೆಗೆದುಕೊಂಡಳು. "ಸರಿ ಮಾಡು ಇದನ್ನ. ತಗ್ಗಿನ ಮನೆಗಳಲ್ಲಿ ಇನ್ನೂ ಇಬ್ರು ಬಸುರಿಯರಿದ್ದಾರೆ."

ಅವಳು ಹೊಸ ವೈರು ಎಳೆದಳು. ರಬ್ಬರು ನಳಿಕೆ ತೊಡಿಸಿದಳು, ಅಂಚಿನಿಂದ ದೂರ ಹೊಸ ಕ್ಲಿಪ್ಪಿನಲ್ಲಿ ಕಟ್ಟಿದಳು. ಬಲ್ಬು ಬೆಳ್ಳಗೆ ಉರಿಯಿತು. ಕಟ್ಟನ್ನು ಎಷ್ಟು ಜಗ್ಗಿದರೂ ಮಂಕಾಗಲಿಲ್ಲ. ಬಲ್ಬ್ ತೆಗೆದು ವೈರನ್ನು ಮೋಟಾರಿಗೆ ಸೇರಿಸಿದಳು.

"ಇಲ್ಲಿ ನೋಡಿದ್ರೆ ಸಾಲದು," ಎಂದಳು. "ಏರಲ್ಲಿ ನೋಡ್ಬೇಕು."

ಅವನ ಮುಖ ಬಿಳಿಚಿಕೊಂಡಿತು. "ಆ ಏರಿಗೆ... ನನ್ನ ಕೈಲಾಗಲ್ಲ."

"ನಾನು ಪಕ್ಕದಲ್ಲಿ ಕೂರ್ತೀನಿ."

ಇಬ್ಬರೂ ತಗ್ಗಿಗೆ ಇಳಿದರು. ಗಾಡಿ ತಿರುಗಿಸಿ ಏರಿನ ಬುಡದಲ್ಲಿ ನಿಲ್ಲಿಸಿದಾಗ ಅವನ ಕೈ ಸ್ವಿಚ್ಚಿನ ಬಳಿ ಹೋಗಿ ನಿಂತುಬಿಟ್ಟಿತು. ಅವಳು ಆ ಕೈಯ ಮೇಲೆ ತನ್ನ ಕೈಯಿಟ್ಟಳು. ಇಬ್ಬರ ಕೈಯೂ ಸೇರಿ ಸ್ವಿಚ್ ತಿರುಗಿಸಿತು.

ದೀಪ ಎರಡು ಸಲ ಮಿಟುಕಿತು.

ಆಮೇಲೆ ಹಸಿರು ಗಟ್ಟಿಯಾಗಿ ನಿಂತಿತು.

ಗಾಡಿ ಇನ್ನೂ ಸಡಿಲವಾಗಿಯೇ ಇದ್ದ ಮಣ್ಣನ್ನು ಅಗೆದುಕೊಂಡು ಏರಿತು, ಎಲ್ಲೂ ತಡವರಿಸದೆ. ನೆತ್ತಿ ಮುಟ್ಟಲು ಮೂರು ನಿಮಿಷವೂ ಹಿಡಿಯಲಿಲ್ಲ. ಆ ಮೂರು ನಿಮಿಷವೇ ಅವರಿಬ್ಬರನ್ನೂ ಮತ್ತೆ ಕೊಂದಿತು.

ಅವನು ಬ್ರೇಕ್ ಹಾಕಿ ಎಂಜಿನ್ ಆರಿಸಿದ. ಹಣೆಯನ್ನು ಸ್ಟೀರಿಂಗಿಗೆ ಒತ್ತಿಕೊಂಡ.

"ಆ ಭಾನುವಾರ ನಿಮ್ಮಪ್ಪನ ಹತ್ರ ಮಾತಾಡೋಕೆ ಬರೋನಿದ್ದೆ," ಎಂದ. "ನಿನ್ನ ಕೇಳೋಕೆ. ಹೊಸ ಅಂಗಿ ಕೂಡ ಇಸ್ತ್ರಿ ಮಾಡಿಟ್ಟಿದ್ದೆ. ಈಗ ಯಾವ ಬಾಯಲ್ಲಿ ಕೇಳ್ಲಿ? ಅಕ್ಕನ ಮನೇಲಿ ತೊಟ್ಟಿಲು ಖಾಲಿ ಇದೆ."

"ಈಗ ಕೇಳ್ಬೇಡ," ಎಂದಳು ಅವಳು. "ಮದುವೆ ಮಾತು ಅಕ್ಕ ಎತ್ತಿದ ದಿನ ಎತ್ತೋಣ. ಎತ್ತದೇ ಇದ್ರೂ ಇರ್ಲಿ."

"ಮತ್ತೆ?"

"ನಾಳೆ ಬೆಳಿಗ್ಗೆ ಎದ್ದ ಕೂಡ್ಲೇ ನಂಗೆ ಇದೇ ನೆನಪಾಗುತ್ತೆ. ನಿಂಗೂ ಆಗುತ್ತೆ. ಆವಾಗ ಫೋನ್ ಮಾಡು."

"ಏನ್ ಮಾತಾಡ್ಲಿ?"

"ಏನೂ ಬೇಡ. ಆ ಕಡೆ ನೀನು ಉಸಿರಾಡೋದು ಕೇಳಿಸಿದ್ರೆ ಸಾಕು ನಂಗೆ."

ಅವನು ತಲೆಯೆತ್ತಿದ. ಐದು ತಿಂಗಳ ಮೇಲೆ ಅವಳ ಕಣ್ಣನ್ನು ನೇರವಾಗಿ ನೋಡಿದ. ಈ ಸಲ ಯಾರೂ ಮುಖ ತಿರುಗಿಸಲಿಲ್ಲ.

"ಸುಖವಾಗಿ ಇಟ್ಕೋತೀನಿ ಅಂತ ಹೇಳೋಕೆ ಆಗಲ್ಲ ನಂಗೆ," ಎಂದ. "ಸುಖ ಅಂದ್ರೆ ಏನು ಅನ್ನೋದೇ ಮರ್ತುಹೋಗಿದೆ. ಆದ್ರೆ ನೀನಿಲ್ದೆ ಇರೋಕೆ ನನ್ನ ಕೈಲಾಗಲ್ಲ. ಇದೊಂದೇ ಗೊತ್ತಿರೋದು."

"ನಂಗೂ ಅದೊಂದೇ ಗೊತ್ತಿರೋದು," ಎಂದಳು ಅವಳು, ಅವನ ಭುಜಕ್ಕೆ ತಲೆಯಾನಿಸುತ್ತಾ.

ಕೆಳಗೆ, ತಗ್ಗಿನ ಮನೆಗಳ ಮೇಲೆ ಒಲೆಯ ಹೊಗೆ ಏಳುತ್ತಿತ್ತು.

"ಹೋಗೋಣ್ವಾ? ಅಕ್ಕ ಕಾಯ್ತಿರ್ತಾಳೆ."

"ಹ್ಞೂಂ," ಎಂದಳು. ಅವನ ಕೈ ಮಾತ್ರ ಬಿಡಲಿಲ್ಲ. "ಇನ್ನೊಂದು ಸ್ವಲ್ಪ ಹೊತ್ತು ಹೀಗೇ ಇರು."